ಒಂದೆರಡು

"ಎಷ್ಟು ಕುಡಿದಿದ್ದೀರಿ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಒಂದೆರಡು."

ತುರ್ತು ಚಿಕಿತ್ಸಾ ವಿಭಾಗದ ಮುಂದಿನ ಮೇಜಿನ ಹಿಂದೆ ಇಪ್ಪತ್ತಾರು ವರ್ಷ ಕೂತ ನರ್ಸ್ ಮೆರ್ವಿ ಬೇರೆ ಉತ್ತರ ಕೇಳಿದ್ದು ತೀರಾ ಕಡಿಮೆ. ದೋಣಿಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡವನೂ ಒಂದೆರಡು, ಸೌದೆ ಒಡೆಯಲು ಹೋಗಿ ಕಾಲಿನ ಹೆಬ್ಬೆರಳಿಗೆ ಕೊಡಲಿ ಹಾಕಿಕೊಂಡವನೂ ಒಂದೆರಡು, ಕುರ್ಚಿಯ ಮೇಲೆ ನಿಂತು ಹಾಡಲು ಹೋಗಿ ಹಲ್ಲು ಉದುರಿಸಿಕೊಂಡ ಹೆಂಗಸೂ ಒಂದೆರಡು. ಆ ಮಾತಿನಲ್ಲಿ ಒಂದೂ ಇಲ್ಲ, ಎರಡೂ ಇಲ್ಲ ಎಂಬುದು ಹೇಳುವವರಿಗೂ ಗೊತ್ತು, ಬರೆದುಕೊಳ್ಳುವವರಿಗೂ ಗೊತ್ತು. ಮೆಲ್ಲಗೆ ಎಳೆದುಕೊಂಡ ಬಾಗಿಲಿನಂಥ ಮಾತು ಅದು. ಮುಚ್ಚಿದ ಮೇಲೆ ಹೊರಗಿನವರು ತಟ್ಟಬಾರದು. ಈ ನಾಡಿನಲ್ಲಿ ಮರ್ಯಾದೆಯೆಂದರೆ ಬಹುಮಟ್ಟಿಗೆ ಅಷ್ಟೆ.

ಮೆರ್ವಿ ತಟ್ಟುತ್ತಿರಲಿಲ್ಲ. ಹೇಳಿದ್ದನ್ನು ಬರೆದುಕೊಂಡು, ಮನಸ್ಸಿನಲ್ಲೇ ಮೂರರಿಂದ ಗುಣಿಸುತ್ತಿದ್ದಳು. ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ದಿನವಾದರೆ ನಾಲ್ಕರಿಂದ. ಪ್ಲಾಸ್ಟರ್ ಕೋಣೆಯ ರೈಮೊ ಇದಕ್ಕೆ 'ಮೆರ್ವಿ ಮಗ್ಗಿ' ಎಂದು ಹೆಸರಿಟ್ಟಿದ್ದ. ಹೊಸದಾಗಿ ಬಂದ ಡಾಕ್ಟರುಗಳಿಗೆ ಔಷಧಿಯ ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ತೋರಿಸುವುದಕ್ಕೆ ಮುಂಚೆ ಆ ಮಗ್ಗಿ ಕಲಿಸುತ್ತಿದ್ದ.

ಅಂದು ಯುಹಾನ್ನುಸ್ ಶನಿವಾರ. ಹಬ್ಬಕ್ಕೆಂದು ರೈಮೊ ತನ್ನ ಹಿತ್ತಲಿನಿಂದಲೇ ಎರಡು ಎಳೆಯ ಬರ್ಚ್ ಗಿಡ ಕಡಿದು ತಂದು ಗಾಜಿನ ಬಾಗಿಲಿನ ಎರಡೂ ಪಕ್ಕ ಕಟ್ಟಿದ್ದ. ಬಾಗಿಲು ತೆರೆದು ಮುಚ್ಚಿ ತೆರೆದು ಮುಚ್ಚಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೇ ಎಲೆಗಳು ಬಾಡಿ ಜೋತುಬಿದ್ದಿದ್ದವು. ಮುಳುಗದ ಸೂರ್ಯನ ಕೆಳಗೆ ರಾತ್ರಿಯಿಡೀ ಕೆರೆದಂಡೆಯಲ್ಲಿ ಬೆಂಕಿ ಹಾಕಿ ಕುಣಿದವರೆಲ್ಲ ಈಗ ಒಬ್ಬೊಬ್ಬರಾಗಿ ಬರುತ್ತಿದ್ದರು.

"ಏನ್ ಸ್ವಾಮಿ, ಸೌನಾ ಒಲೆಗೆ ಕೈಕುಲುಕೋಕೆ ಹೋಗಿದ್ರಾ?" ಉಗಿಸ್ನಾನದ ಒಲೆಗೆ ಅಂಗೈ ಸುಟ್ಟುಕೊಂಡ ದಪ್ಪ ಮನುಷ್ಯನೊಬ್ಬನನ್ನು ರೈಮೊ ವಿಚಾರಿಸುತ್ತಿದ್ದ.

"ನಾನಲ್ಲ ಕಣಯ್ಯಾ. ಒಲೆನೇ ಕೈ ಕೊಡ್ತು."

"ಎಷ್ಟ್ ಹಾಕಿದ್ರಿ?"

"ಹಬ್ಬ ಅಲ್ವಾ. ಒಂದೆರಡು."

"ಮೆರ್ವೀ, ಮಗ್ಗಿ ಹೇಳೇ!" ಎಂದು ರೈಮೊ ಕೂಗಿದ. ಮೆರ್ವಿ ತಲೆಯೆತ್ತದೆ ಎರಡು ಕೈಯ ಎಂಟು ಬೆರಳು ತೋರಿಸಿದಳು.

ಇರ್ಯಾ ಹೌತಾಲ ಬಂದದ್ದು ಆಗ. ಎಪ್ಪತ್ತೆರಡು ವರ್ಷದ ಸಣ್ಣ ಮೈಯ ಹೆಂಗಸು. ಬಿಳಿಕೂದಲ ಜಡೆಯನ್ನು ತಲೆಯ ಸುತ್ತ ಸುತ್ತಿ ಪಿನ್ನು ಹಾಕಿದ್ದಳು. ಹಣೆಯ ಮೇಲೆ ತರಚಿದ ಗಾಯ. ಬಲಗೈ ಮಣಿಕಟ್ಟಿಗೆ ಅಡುಗೆಮನೆಯ ಟವಲು ಸುತ್ತಿ, ಆಸರೆಗೆ ಮರದ ಸೌಟೊಂದನ್ನು ಇಟ್ಟು ಕಟ್ಟಲಾಗಿತ್ತು. ಹಿಂದೆ ಬಂದ ಪಕ್ಕದ ಮನೆಯ ಮುದುಕ ಪಾವೊ ಅವಳ ಚೀಲವನ್ನು ಮೇಜಿನ ಮೇಲಿಟ್ಟು, ಯಾರೂ ಏನೂ ಕೇಳುವ ಮೊದಲೇ, "ನಂಗೇನೂ ಗೊತ್ತಿಲ್ಲ. ನಾನು ಬರೀ ಕಾರು ಓಡಿಸ್ಕೊಂಡ್ ಬಂದೋನು," ಎಂದು ಹೇಳಿ ಹೊರಗೆ ಹೋಗಿ ಬರ್ಚ್ ಗಿಡದ ಪಕ್ಕ ನಿಂತುಕೊಂಡ.

ಇರ್ಯಾ ಕೂತ ಕೂಡಲೇ ವೋಡ್ಕಾ ವಾಸನೆ ಮೆರ್ವಿಯ ಮೂಗಿಗೆ ಬಡಿಯಿತು.

"ಏನಾಯ್ತಮ್ಮಾ?"

"ಬಿದ್ದೆ. ಸೌನಾ ಮೆಟ್ಟಿಲ ಮೇಲೆ."

"ಹೇಗೆ ಬಿದ್ರಿ?"

"ಕುಡಿದಿದ್ದೆ."

ಮನೆಯ ವಿಳಾಸ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು. ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಆ ಮಾತನ್ನು ತಾವಾಗಿ ಮೊದಲು ಹೇಳಿದ್ದಿಲ್ಲ ಎಂಬುದು ಮೆರ್ವಿಗೆ ಆಮೇಲೆ ಹೊಳೆಯಿತು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹಿಂದೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು.

"ಎಷ್ಟು?"

"ಎರಡು."

ಮೆರ್ವಿಯ ಬೆರಳುಗಳು ತಮ್ಮ ಪಾಡಿಗೆ ತಾವು 'ಒಂದೆರಡು' ಎಂದು ಬರೆದು ಮುಂದಿನ ಸಾಲಿಗೆ ಹೋದವು.

ಆ ಬೇಸಿಗೆಗಷ್ಟೇ ಕೆಲಸಕ್ಕೆ ಬಂದಿದ್ದ ಡಾಕ್ಟರ್ ತಾನೆಲಿ ಕೈ ನೋಡಿದ. ಟವಲಿನ ಅಂಚು ಸರಿಸಿದರೆ ಮಣಿಕಟ್ಟು ಊಟದ ಫೋರ್ಕಿನ ಹಾಗೆ ಬಾಗಿತ್ತು. ಎಕ್ಸ್‌ರೇ ಇಲ್ಲದೆಯೂ ಮುರಿದಿದೆ ಎಂದು ಹೇಳಬಹುದಿತ್ತು. ಮೇಜಿನ ಬಳಿ ಬಂದು ದನಿ ತಗ್ಗಿಸಿ, "ಈ ವಯಸ್ಸಲ್ಲಿ, ಬೆಳ್‌ಬೆಳಿಗ್ಗೆನೇ..." ಎಂದ. "ಒಂದೆರಡು ಅಂದ್ರೆ ಇವತ್ತಿನ ಮಗ್ಗಿ ಪ್ರಕಾರ ಎಂಟಾ? ತಲೆಗೂ ಪೆಟ್ಟು ಬಿದ್ದಿದೆ. ಅಮಲು ಇಳಿಯೋವರೆಗೂ ಸ್ಟ್ರಾಂಗ್ ಇಂಜೆಕ್ಷನ್ ಬೇಡ. ಈಗ ಬರೀ ನೋವಿನ ಮಾತ್ರೆ ಕೊಡಿ. ಮೂಳೆ ಕೂರ್ಸೋದು ಮಧ್ಯಾಹ್ನದ ಮೇಲೆ ನೋಡೋಣ."

ಇರ್ಯಾಳನ್ನು ನಾಲ್ಕನೇ ಹಾಸಿಗೆಗೆ ಕಳಿಸಿ ಪರದೆ ಎಳೆದರು.

ಅರ್ಧ ಗಂಟೆ ಬಿಟ್ಟು ಮೆರ್ವಿ ಮಾತ್ರೆ ನೀರು ತೆಗೆದುಕೊಂಡು ಹೋದಾಗ ಅವಳು ಹಾಸಿಗೆಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು. ತುಟಿ ಕಚ್ಚಿ ಕಚ್ಚಿ ಕೆಳತುಟಿಯಲ್ಲಿ ಹಲ್ಲಿನ ಗುರುತು ಮೂಡಿತ್ತು.

"ತುಂಬಾ ನೋವಾ?"

"ಇದೆ."

"ಕುಡಿದಿರೋದ್ರಿಂದ ಸ್ಟ್ರಾಂಗ್ ಔಷಧಿ ಈಗ್ಲೇ ಕೊಡಕ್ಕಾಗಲ್ಲಮ್ಮ. ಇನ್ನೂ ನಾಲ್ಕೈದು ಗಂಟೆ ತಡ್ಕೋಬೇಕು."

ಇರ್ಯಾ ಮುರಿದ ಕೈಯನ್ನೊಮ್ಮೆ ನೋಡಿಕೊಂಡಳು. ಇಂಥದ್ದೊಂದು ಬರುತ್ತದೆಂದು ಅವಳು ಎಣಿಸಿರಲಿಲ್ಲ ಎಂಬುದು ಕಂಡಿತು. ಆಮೇಲೆ ದಂಡ ಒಪ್ಪಿಕೊಳ್ಳುವವಳಂತೆ, "ಸರಿ. ಕುಡಿದಿದೀನಲ್ಲ," ಎಂದಳು.

ಎಡಗೈ ಚಾಚಿ ನೀರಿನ ಲೋಟ ತೆಗೆದುಕೊಂಡಳು. ಲೋಟ ತುಂಬಾ ನೀರಿತ್ತು. ಒಂದು ಹನಿಯೂ ತುಳುಕಲಿಲ್ಲ.

ಮೆರ್ವಿ ಆ ಕೈಯನ್ನೇ ನೋಡಿದಳು. ಮಾತ್ರೆ ನುಂಗಿಸುವ ನೆಪದಲ್ಲಿ ಹತ್ತಿರ ಬಗ್ಗಿದಳು. ಇರ್ಯಾಳ ಉಸಿರಿನಲ್ಲಿ ಕಾಫಿಯ ವಾಸನೆಯಿತ್ತು, ಏಲಕ್ಕಿ ಹಾಕಿದ ಬನ್ನಿನ ವಾಸನೆಯಿತ್ತು. ವೋಡ್ಕಾ ಇದ್ದದ್ದು ಅವಳ ಬೂದುಬಣ್ಣದ ಸ್ವೆಟರಿನ ಎಡ ಭುಜದಲ್ಲಿ. ಅಲ್ಲಿ ಉಣ್ಣೆ ಒದ್ದೆಯಾಗಿ ಗಾಢವಾಗಿತ್ತು.

"ಎರಡು ಅಂದ್ರಲ್ಲಮ್ಮಾ. ಎರಡು ಏನು?"

"ಲೋಟ."

"ಯಾವ ಲೋಟ?"

"ಹಾಲಿನ ಲೋಟ."

"ಪೂರ್ತಿ?"

"ಕಂಠಮಟ್ಟ," ಎಂದಳು ಇರ್ಯಾ. ಕಡಿಮೆ ಹೇಳಿದರೆ ನಂಬಲಾರರೇನೋ ಎಂಬ ಅಳುಕು ಆ ದನಿಯಲ್ಲಿತ್ತು. "ತಿಂಡಿ ಆದ್ಮೇಲೆ. ಒಂದ್ರ ಹಿಂದೆ ಒಂದು."

ಎರಡು ಹಾಲಿನ ಲೋಟ ವೋಡ್ಕಾ ಈ ಮೈಗೆ ಇಳಿದಿದ್ದರೆ ಅವಳು ಬಾಗಿಲಿನಿಂದ ನಡೆದು ಬರುತ್ತಿರಲಿಲ್ಲ. ಆಂಬ್ಯುಲೆನ್ಸಿನಲ್ಲಿ ಬರುತ್ತಿದ್ದಳು, ಗಂಟಲಿಗೆ ಕೊಳವೆ ಹಾಕಿಸಿಕೊಂಡು. ಕುಡಿಯುವವರು ಯಾವಾಗಲೂ ಇಳಿಸಿ ಹೇಳುತ್ತಾರೆ. ಏರಿಸಿ ಹೇಳುವ ಸುಳ್ಳನ್ನು ಮೆರ್ವಿ ಇದೇ ಮೊದಲು ಕೇಳುತ್ತಿದ್ದಳು. ಜನ್ಮದಲ್ಲಿ ಒಂದು ಗುಟುಕೂ ಕುಡಿಯದವರು ಮಾತ್ರ ಇಂಥ ಸುಳ್ಳು ಹೇಳಬಲ್ಲರು.

ಅವಳಿಗೆ ತಾನು ಬರೆದದ್ದು ನೆನಪಾಯಿತು. ಈ ಹೆಂಗಸು ಎರಡು ಎಂದಿದ್ದಳು. ಅದರ ಮುಂದೆ ಒಂದನ್ನು ಸೇರಿಸಿದ್ದು ತಾನು. ಅವಳು ಕೇಳುವ ಮೊದಲೇ ತಾನೇ ಎದ್ದು ಹೋಗಿ ಅವಳ ಬಾಗಿಲು ಎಳೆದುಕೊಟ್ಟು ಬಂದ ಹಾಗಾಗಿತ್ತು.

ಆ ಪದ ಬೆರಳಿಗೆ ಅಷ್ಟು ಸಲೀಸಾಗಿ ಬಂದದ್ದೇಕೆ ಎಂಬುದೂ ಅವಳಿಗೆ ಗೊತ್ತಿತ್ತು. ಸಿಬ್ಬಂದಿಯ ವಾರ್ಷಿಕ ಆರೋಗ್ಯ ತಪಾಸಣೆಯ ನಮೂನೆ ಕಳೆದ ವಾರ ಬಂದಿತ್ತು. ವಾರಕ್ಕೆ ಎಷ್ಟು ಗ್ಲಾಸು ಎಂಬ ಪ್ರಶ್ನೆಯ ಮುಂದೆ ಮೆರ್ವಿ 'ಒಂದೆರಡು' ಎಂದೇ ಬರೆದಿದ್ದಳು. ಮನೆಯ ಫ್ರಿಜ್ಜಿನಲ್ಲಿ ನಲ್ಲಿ ಇರುವ ವೈನಿನ ರಟ್ಟಿನ ಪೆಟ್ಟಿಗೆಯಿತ್ತು. ರಟ್ಟು ಒಳ್ಳೆಯದು, ಎಷ್ಟು ಖಾಲಿಯಾಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಅವಳು ಸ್ಟೂಲು ಎಳೆದುಕೊಂಡು ಕೂತಳು. ಮೊದಲ ಬಾರಿಗೆ ಆ ಕಟ್ಟನ್ನು ಸರಿಯಾಗಿ ನೋಡಿದಳು. ಟವಲು ಮತ್ತು ಸೌಟನ್ನು ಹಿಡಿದು ನಿಲ್ಲಿಸಿದ್ದು ಮೂರು ರಬ್ಬರ್ ಬ್ಯಾಂಡು. ಕೂದಲಿಗೆ ಹಾಕುವಂಥವು: ಎರಡು ಗುಲಾಬಿ ಬಣ್ಣದ್ದು, ಒಂದರಲ್ಲಿ ಪ್ಲಾಸ್ಟಿಕ್ಕಿನ ಸ್ಟ್ರಾಬೆರಿ.

"ಇದನ್ನ ಯಾರು ಕಟ್ಟಿದ್ದು?"

ಇರ್ಯಾ ಮುಖ ತಿರುಗಿಸಿದಳು. "ಮನೇಲಿದ್ದೋರು."

"ಮನೇಲಿ ಮಗು ಇದೆಯಾ?"

ಇರ್ಯಾ ಎಡಗೈಯಿಂದ ಆ ಸ್ಟ್ರಾಬೆರಿಯನ್ನು ಮುಚ್ಚಿಕೊಂಡಳು.

ಮೆರ್ವಿ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನಾದಳು. ಇದೊಂದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಪ್ರಶ್ನೆ ಕೇಳಿ, ಎದುರಿನವರ ಕಣ್ಣು ನೋಡದೆ, ಪರದೆಯ ಅಂಚನ್ನೋ ಕಿಟಕಿಯನ್ನೋ ನೋಡುತ್ತ ಕೂರುವುದು. ಒತ್ತಾಯ ಮಾಡಿದರೆ ಇಲ್ಲಿನ ಜನ ಇನ್ನೂ ಬಿಗಿಯುತ್ತಾರೆ. ಸುಮ್ಮನೆ ಜಾಗ ಬಿಟ್ಟುಕೊಟ್ಟರೆ ಆ ಜಾಗಕ್ಕೆ ಮಾತು ತಾನಾಗಿ ಬಂದು ಕೂರುತ್ತದೆ. ಪಟ್ಟಣದವರು ನಾಲ್ಕು ಉಸಿರಿನವರೆಗೆ ತಡೆಯುತ್ತಾರೆ. ಒಳನಾಡಿನ ರೈತರು ಹತ್ತು. ಹಿಂದೊಮ್ಮೆ ಒಬ್ಬ ಮೀನುಗಾರ ಹದಿನೇಳು ಉಸಿರು ತಡೆದು, ಕೊನೆಗೆ ಅತ್ತುಬಿಟ್ಟಿದ್ದ.

ಪಕ್ಕದ ಪರದೆಯಾಚೆ ಅಂಗೈ ಸುಟ್ಟುಕೊಂಡವನು ಬೇಸಿಗೆಯ ಹಾಡೊಂದನ್ನು ರಾಗ ತಪ್ಪಿ ಎಳೆಯುತ್ತಿದ್ದ. "ಗಂಟ್ಲೂ ಸುಟ್ಕೊಂಡ್ಯಾ ಮಾರಾಯ?" ಎಂದು ರೈಮೊ ಕೇಳಿದ್ದು, ಯಾರೋ ನಕ್ಕದ್ದು ಕೇಳಿಸಿತು. ಟ್ರಾಲಿಯೊಂದು ಹೋಯಿತು, ಬಂತು. ಇರ್ಯಾ ಕದಲಲಿಲ್ಲ. ಈ ಮೌನದೊಳಗೇ ಹುಟ್ಟಿ ಬೆಳೆದವಳ ಹಾಗೆ, ತನ್ನ ಮನೆಯ ಕುರ್ಚಿಯಲ್ಲಿ ಕೂತವಳ ಹಾಗೆ ಕೂತಿದ್ದಳು. ಇಪ್ಪತ್ತು ಉಸಿರಾಯಿತು. ಮೂವತ್ತಾಯಿತು. ಮೆರ್ವಿ ಎಣಿಕೆ ಬಿಟ್ಟಳು.

ಮೊದಲು ಮಾತಾಡಿದ್ದು ಮೆರ್ವಿಯೇ. ಹಿಂದೆಂದೂ ಹಾಗಾಗಿರಲಿಲ್ಲ.

"ನಿಮ್ಮನ್ನ ಹೆದರಿಸಕ್ಕೆ ಹೇಳ್ತಿಲ್ಲ ಇರ್ಯಾಮ್ಮ. ಗೊತ್ತಿರ್ಲಿ ಅಂತ ಹೇಳ್ತಿದೀನಿ. ಮನೇಲಿ ಮಗು ಇದ್ದು, ಅದನ್ನ ನೋಡ್ಕೋಬೇಕಾದ ದೊಡ್ಡೋರು ಕುಡಿದು ಬಿದ್ದು ಇಲ್ಲಿಗೆ ಬಂದ್ರೆ ನಾನು ಮಕ್ಕಳ ರಕ್ಷಣೆಯೋರಿಗೆ ತಿಳಿಸ್ಲೇಬೇಕು. ನನ್ನಿಷ್ಟ ಅಲ್ಲ ಅದು. ಕಾನೂನು."

ಇರ್ಯಾ ತಿರುಗಿ ನೋಡಿದಳು. "ನಾನು ಕುಡಿದ್ರೂನಾ?"

"ನೀವು ಕುಡಿದ್ರೂನೇ."

"ಅದು ಇಸ್ಮೊಗಲ್ವಾ ಇರೋದು?" ಹೇಳಿಬಿಟ್ಟ ಮೇಲೆ ಅವಳಿಗೆ ಗೊತ್ತಾಯಿತು. ಬಾಯಿಗೆ ಎಡಗೈ ಅಡ್ಡ ಹಿಡಿದಳು. ಆಮೇಲೆ ಮೆಲ್ಲಗೆ ಕೆಳಗಿಳಿಸಿದಳು. ಹೋದ ಹೆಸರನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಹಾಗಿರಲಿಲ್ಲ.

ಇಸ್ಮೊ ಅವಳ ಮಗ, ನಲವತ್ತೊಂದು ವರ್ಷ. ಅವನ ಮಗಳು ಹಿಲ್ಲಾ ತಾಯಿಯ ಜೊತೆ ಬೇರೆ ಊರಲ್ಲಿದ್ದಳು. ಹದಿನೈದು ದಿನಕ್ಕೊಮ್ಮೆ ಶನಿವಾರ ಭಾನುವಾರ, ಮತ್ತೆ ಹಬ್ಬಗಳಲ್ಲಿ, ಹಿಲ್ಲಾ ಅಜ್ಜಿಯ ಮನೆಗೆ ಬರಬಹುದು, ಅಪ್ಪ ಅಲ್ಲಿ ಅವಳನ್ನು ನೋಡಬಹುದು, ಅಜ್ಜಿಯ ಕಣ್ಣೆದುರಿಗೆ. ಮಕ್ಕಳ ರಕ್ಷಣಾ ಕಚೇರಿಯವರು ಹೀಗೊಂದು ಕಾಗದ ಮಾಡಿಕೊಟ್ಟಿದ್ದರು. ಇರ್ಯಾ ಇದನ್ನೆಲ್ಲ ನಾಲ್ಕೈದು ಮಾತಿನಲ್ಲಿ ಹೇಳಿ ಮುಗಿಸಿದಳು.

"ಆ ಕಾಗದದಲ್ಲಿ ಒಂದ್ ಸಾಲಿತ್ತು," ಎಂದಳು. "ಮನೇಲಿರೋ ವಯಸ್ಕರು ಯಾರೂ ಕುಡಿದಿರಬಾರ್ದು ಅಂತ. ಓದಿದ್ದೆ. ಸಹೀನೂ ಹಾಕಿದ್ದೆ. ಆದ್ರೆ ಅದು ನಂಗೂ ಸೇರಿ ಬರೆದಿರೋದು ಅಂತ ಅನ್ನಿಸ್ಲೇ ಇಲ್ಲ ನೋಡಿ."

"ಯಾಕೆ?"

"ನಾನು ಏಳು ವರ್ಷಕ್ಕೇ ಪ್ರತಿಜ್ಞೆ ಮಾಡಿದೋಳು. ಪಾನನಿರೋಧ ಸಂಘದ ಸಭಾಂಗಣದಲ್ಲಿ, ದೊಡ್ಡ ಪುಸ್ತಕದಲ್ಲಿ, ಮಸಿ ಪೆನ್ನಲ್ಲಿ ಹೆಸರು ಬರ್ಸಿದ್ರು. ಮಸಿ ಫ್ರಾಕಿಗೆ ಚೆಲ್ಕೊಂಡು ಅಮ್ಮನ ಹತ್ರ ಬೈಸ್ಕೊಂಡಿದ್ದೆ." ಏಳು ವರ್ಷದ ಮಗುವಿನಿಂದ ಅಂಥ ಪ್ರತಿಜ್ಞೆ ಮಾಡಿಸಬೇಕಾಗಿ ಬಂದ ಮನೆ ಎಂಥದ್ದಿತ್ತು ಎಂಬುದನ್ನು ಅವಳು ಹೇಳಲಿಲ್ಲ, ಮೆರ್ವಿ ಕೇಳಲಿಲ್ಲ. "ಕುಡಿದ್ರೆ ಎಷ್ಟು ಕುಡೀತಾರೆ ಅಂತ್ಲೂ ಗೊತ್ತಿಲ್ಲ ನಂಗೆ. ಎರಡು ಜಾಸ್ತಿ ಆಯ್ತಾ?"

"ಲೋಟ ದೊಡ್ಡದಾಯ್ತು," ಎಂದಳು ಮೆರ್ವಿ.

ಇರ್ಯಾಳ ಬಾಯಿಯ ಒಂದು ಕೊನೆ ಸ್ವಲ್ಪ ಮೇಲೆ ಹೋಗಿ ಅಲ್ಲೇ ನಿಂತಿತು. ಕೈ ಒಂದಿಷ್ಟು ಅಲುಗಾಡಿತೇನೋ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಅವನು ಹನ್ನೊಂದು ತಿಂಗ್ಳು ಮುಟ್ಟಿರ್ಲಿಲ್ಲ," ಎಂದಳು, ಕಣ್ಣು ಮುಚ್ಚಿಕೊಂಡೇ. "ಹನ್ನೊಂದು ತಿಂಗ್ಳು. ಮೊನ್ನೆ ಚಳಿಗಾಲ್ದಲ್ಲಿ ಹಿಲ್ಲಾಗೆ ಸ್ಕೀಯಿಂಗ್ ಕಲಿಸ್ದ. ನೀವು ಇದನ್ನ ಅಲ್ಲಿ ಬರೆದ್ರೆ ಆ ಹನ್ನೊಂದು ತಿಂಗ್ಳನ್ನ ಯಾರು ಬರೀತಾರೆ?"

ನಮೂನೆಯಲ್ಲಿ ಅಂಥದ್ದೊಂದು ಸಾಲು ನಿಜಕ್ಕೂ ಇರಲಿಲ್ಲ.

"ಹಾಗಾದ್ರೆ ನಾನು ಕುಡಿದಿದ್ದೆ ಅಂದ್ರೂ ಹಿಲ್ಲಾ ಬರಲ್ಲ. ಇಲ್ಲ ಅಂದ್ರೆ, ಹೇಗೆ ಬಿದ್ರಿ ಅಂತ ಕೇಳ್ತೀರಿ."

"ಕೇಳ್ತೀನಿ."

"ಆಗ್ಲೂ ಬರಲ್ಲ."

"ನಾನು ಮಾತು ಕೊಡಕ್ಕಾಗಲ್ಲಮ್ಮ. ಅವ್ರು ಏನು ತೀರ್ಮಾನ ಮಾಡ್ತಾರೋ ನಂಗೆ ಗೊತ್ತಿಲ್ಲ. ಇಸ್ಮೊನ ಸ್ವಲ್ಪ ದಿನ ದೂರ ಇಡಿ ಅಂತ ಹೇಳಬಹುದು. ಆದ್ರೆ ಇಷ್ಟು ಹೇಳ್ತೀನಿ. ಆ ಮನೇಲಿ ಕುಡೀದೇ ಇದ್ದ ದೊಡ್ಡೋರು ಒಬ್ರು ಇದ್ರು ಅನ್ನೋದಕ್ಕೂ, ಒಬ್ರೂ ಇರ್ಲಿಲ್ಲ ಅನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ. ಆ ಮಗುವಿಗೆ ನೀವಾದ್ರೂ ಉಳೀಬಹುದು."

"ನಾನು ಉಳಿದು, ಅವನು ಹೋಗ್ಬೇಕು."

ಮೆರ್ವಿ ಗೋಡೆಗೆ ನೇತುಹಾಕಿದ್ದ ಊದಿಸಿ ಮದ್ಯ ಅಳೆಯುವ ಮಷೀನನ್ನು ತೆಗೆದು, ಹೊಸ ನಳಿಕೆ ಸಿಕ್ಕಿಸಿ, ಇಬ್ಬರ ನಡುವೆ ಹಾಸಿಗೆಯ ಮೇಲೆ ಇಟ್ಟಳು. ಮುಂದಕ್ಕೆ ತಳ್ಳಲಿಲ್ಲ. ಬೇಡವೆನ್ನುವ ಹಕ್ಕು ರೋಗಿಗೆ ಇತ್ತು, ಅದನ್ನೂ ಹೇಳಿದಳು.

ಇರ್ಯಾ ಅದನ್ನು ನೋಡುತ್ತ ಕೂತಳು. ಕೈ ಚಾಚಲಿಲ್ಲ. "ಹಿಲ್ಲಾನ್ನೂ ಕೇಳ್ತಾರಾ?" ಎಂದಳು.

"ಕೇಳ್ತಾರೆ. ಒಬ್ಳನ್ನೇ ಕೂರಿಸ್ಕೊಂಡು, ಮೆತ್ತಗೆ ಕೇಳ್ತಾರೆ. ಗದರಿಸಲ್ಲ."

"ಏನಂತ?"

"ಏನು ನೋಡ್ದೆ ಪುಟ್ಟಾ, ಅಂತ."

ಇರ್ಯಾಳ ಎಡಗೈ ಹಾಸಿಗೆಯ ಹೊದಿಕೆಯನ್ನು ಮಡಿಚತೊಡಗಿತು. ಒಂದು ಮಡಿಕೆ, ಅದರ ಮೇಲೊಂದು ಮಡಿಕೆ, ಮತ್ತೆ ಬಿಚ್ಚುವುದು.

"ಹೇಳ್ಕೊಟ್ಟಿದೀನಿ," ಎಂದಳು.

"ಏನು?"

"ಯಾರಾದ್ರೂ ಕೇಳಿದ್ರೆ ಅಜ್ಜಿ ಕುಡಿದು ಬಿದ್ಲು ಅನ್ನು, ಅಂತ. ಕೈಗೆ ಈ ಬ್ಯಾಂಡ್ ಹಾಕ್ತಿದ್ಲು. ಅಜ್ಜೀ, ನೀನು ಕುಡಿಯಲ್ವಲ್ಲ ಅಂದ್ಲು. ಇವತ್ತು ಕುಡಿದೆ ಅನ್ಕೋ ಅಂದೆ. ಎಷ್ಟು ಅಂದ್ಲು. ಅವ್ಳಿಗೆ ಎಲ್ಲಾ ಸರಿಯಾಗಿ ಗೊತ್ತಾಗ್ಬೇಕು, ಹಾಗೆ ಅವ್ಳು. ಎರಡು ಲೋಟ ಅಂತ ಹೇಳ್ಕೊಟ್ಟೆ. ಇಬ್ರ ಮಾತೂ ಒಂದೇ ಇರ್ಬೇಕಲ್ಲ. ಮೂರು ಸಲ ಹೇಳಿಸ್ದೆ. ಕೊನೇ ಸಲ ಸರಿಯಾಗಿ ಹೇಳಿದ್ಲು."

"ಅವಳಿಗೆಷ್ಟು ವಯಸ್ಸು?"

"ಏಳು."

ಹೇಳಿದ ಮಾತು ಅವಳ ಕಿವಿಗೇ ಬಂದು ತಾಗಿದ್ದನ್ನು ಮೆರ್ವಿ ನೋಡಿದಳು. ಮಡಿಚುತ್ತಿದ್ದ ಕೈ ನಿಂತಿತು. ಈಗ ಬಂದ ಮೌನ ಮೊದಲಿನದಾಗಿರಲಿಲ್ಲ. ಮೊದಲಿನದರಲ್ಲಿ ಇರ್ಯಾ ಆರಾಮಾಗಿ ಕೂತಿದ್ದಳು. ಇದರಲ್ಲಿ ಅವಳಿಗೆ ಕೂರಲು ಜಾಗವೇ ಇದ್ದಂತಿರಲಿಲ್ಲ. ಮಗನಿಗಾಗಿ ಕಟ್ಟಿದ ಸುಳ್ಳನ್ನು ತಾನು ಹೊರುವುದಕ್ಕೆ ಅವಳು ತಯಾರಾಗಿಯೇ ಬಂದಿದ್ದಳು, ಮುರಿದ ಕೈಯಲ್ಲೂ. ಅದರ ಇನ್ನೊಂದು ತುದಿಯನ್ನು ಯಾರ ಹೆಗಲ ಮೇಲೆ ಇಟ್ಟು ಬಂದಿದ್ದೇನೆಂದು ಮಾತ್ರ ಈಗ ಕಂಡಿತು.

"ಕೊಡಿ ಅದನ್ನ," ಎಂದಳು.

ಮೆರ್ವಿ ನಳಿಕೆಯನ್ನು ಅವಳ ತುಟಿಗೆ ಹಿಡಿದಳು. "ಉದ್ದಕ್ಕೆ ಊದಿ. ನಾನು ಸಾಕು ಅನ್ನೋವರ್ಗೂ."

ಇರ್ಯಾ ಊದಿದಳು. ಮಷೀನು ಕುಂಯ್ ಎಂದು ಯೋಚಿಸತೊಡಗಿತು. ಆ ಮೂರು ನಾಲ್ಕು ಸೆಕೆಂಡು ಅವಳು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಹಾಗೆ ಆ ಪುಟ್ಟ ಗಾಜನ್ನೇ ದಿಟ್ಟಿಸಿದಳು. ಅರವತ್ತೈದು ವರ್ಷದ ಪ್ರತಿಜ್ಞೆಯನ್ನು ಇದುವರೆಗೆ ಯಾರೂ ಅಳೆದು ನೋಡಿರಲಿಲ್ಲ.

ಸೊನ್ನೆ, ಚುಕ್ಕೆ, ಸೊನ್ನೆ, ಸೊನ್ನೆ.

"ಒಂದೂ ಇಲ್ಲ," ಎಂದಳು ಇರ್ಯಾ, ತನಗೇ ಹೇಳಿಕೊಂಡಂತೆ. ಆಮೇಲೆ, "ಬರ್ಕೊಳ್ಳಿ," ಎಂದಳು.

ಬೆಳಿಗ್ಗೆ ನಡೆದದ್ದನ್ನು ಈಗ ಹೇಳಿದಳು. ಇಸ್ಮೊನ ಬಾಟಲಿ ಸೌನಾದ ಸೌದೆ ರಾಶಿಯ ಹಿಂದಿತ್ತು. ತಿಂಡಿಯ ಪಾತ್ರೆ ತೊಳೆದು ಸೌದೆ ತರಲು ಹೋದವಳಿಗೆ ಸಿಕ್ಕಿತ್ತು, ಅರ್ಧ ಖಾಲಿಯಾಗಿ. ಮೆಟ್ಟಿಲ ಮೇಲೆ ನಿಂತು ಉಳಿದದ್ದನ್ನು ಹುಲ್ಲಿಗೆ ಸುರಿಯಲು ಮುಚ್ಚಳ ತೆಗೆದಳು. ಅಷ್ಟರಲ್ಲಿ ಇಸ್ಮೊ ಬಂದ. ಹಿಲ್ಲಾ ಅಂಗಳದ ಉಯ್ಯಾಲೆಯಲ್ಲಿದ್ದಳು.

"ಅವನು ಬಾಟ್ಲಿ ಹಿಡ್ಕೊಂಡು ಎಳೆದ. ನಾನು ಬಿಡ್ಲಿಲ್ಲ. ನಂಗೂ ಹಟ ಬಂತು. ಅಮ್ಮಾ ಬಿಡು ಅಂದ. ನೀನು ಬಿಡು ಅಂದೆ." ಅವಳು ಎಡಗೈಯ ಬೆರಳುಗಳನ್ನು ಬಿಚ್ಚಿ ತೋರಿಸಿದಳು. "ಅವನು ಬಿಟ್ಟ."

"ತಳ್ಳಿದ್ನಾ?"

"ಇಲ್ಲ. ಬಿಟ್ಟ. ಜನ್ಮದಲ್ಲಿ ಒಂದ್ ಸಲ ನಾನು ಹೇಳಿದ ತಕ್ಷಣ ಬಿಟ್ಟ." ಈ ಸಲ ನಗು ಪೂರ್ತಿ ಬಂತು, ಬಂದು ಅಳುವಾಯಿತು. "ನಾನು ಬಾಟ್ಲಿ ಸಮೇತ ಹಿಂದಕ್ಕೆ ಹೋದೆ. ಎಲ್ಲಾ ಮೈಮೇಲೆ ಚೆಲ್ತು. ಎಬ್ಬಿಸೋಕೆ ಬಂದ, ಕೈ ನೋಡ್ದ, ಅಲ್ಲೇ ಮೆಟ್ಲ ಮೇಲೆ ಕುಕ್ಕರಿಸ್ಬಿಟ್ಟ. ಪಾವೊ ಬರೋವಾಗ್ಲೂ ಅಲ್ಲೇ ಇದ್ದ."

"ಹಿಲ್ಲಾ ಈಗೆಲ್ಲಿದಾಳೆ?"

"ಪಾವೊ ಹೆಂಡ್ತಿ ಹತ್ರ. ಸ್ಟ್ರಾಬೆರಿ ಬಿಡಿಸ್ತಿರ್ತಾಳೆ."

ಮೆರ್ವಿ ಗಾಲಿಯಿರುವ ಕಂಪ್ಯೂಟರನ್ನು ಹತ್ತಿರ ಎಳೆದುಕೊಂಡು 'ಒಂದೆರಡು' ಎಂಬುದನ್ನು ಅಳಿಸಿದಳು. ಒಂದೊಂದೇ ಅಕ್ಷರ ಹಿಂದಕ್ಕೆ ಹೋಯಿತು. ಇರ್ಯಾ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು, ಎಳೆದದ್ದು, ಬಿಡದಿದ್ದದ್ದು, ಬಿಟ್ಟದ್ದು. ಕೊನೆಯಲ್ಲಿ 'ಇತರೆ' ಎಂಬ ಖಾಲಿ ಜಾಗವಿತ್ತು. ಸಾಮಾನ್ಯವಾಗಿ ಅಲ್ಲಿ ಯಾರೂ ಏನೂ ಬರೆಯುವುದಿಲ್ಲ. ಮೆರ್ವಿ ಅಲ್ಲಿ, 'ಮಗ ಹನ್ನೊಂದು ತಿಂಗಳಿಂದ ಕುಡಿದಿರಲಿಲ್ಲ ಎಂದು ತಾಯಿ ಹೇಳುತ್ತಾರೆ' ಎಂದು ಸೇರಿಸಿ, ಕಂಪ್ಯೂಟರಿನ ಪರದೆಯನ್ನು ಇರ್ಯಾಳ ಕಡೆ ತಿರುಗಿಸಿ ಓದಿಸಿದಳು. ಇರ್ಯಾ ಎರಡು ಸಲ ಓದಿದಳು. ತಲೆ ಆಡಿಸಿದಳು.

ತಾನೆಲಿ ಬಂದು ಮಷೀನು ನೋಡಿದ. ನೋಡಿ ಕಿವಿಯವರೆಗೂ ಕೆಂಪಾದ. "ಅಲ್ಲಾ, ಮಗ್ಗಿ ಪ್ರಕಾರ..."

"ಸೊನ್ನೇನ ನಾಲ್ಕರಿಂದ ಗುಣಿಸಿ ನೋಡಿ ಡಾಕ್ಟ್ರೇ," ಎಂದಳು ಮೆರ್ವಿ. ಅದು ಅವನನ್ನು ಆಡಿಕೊಂಡದ್ದಾಗಿರಲಿಲ್ಲ. "ತಪ್ಪು ನನ್ನದು. ಅವ್ರು ಎರಡು ಅಂದಿದ್ರು. ನಾನೇ ಒಂದೆರಡು ಅಂತ ಬರೆದೆ."

ಅವನಿಗೆ ಅದರ ವ್ಯತ್ಯಾಸ ತಿಳಿಯಲಿಲ್ಲ. ಅದನ್ನು ಕಲಿಯಲು ಇನ್ನೂ ಇಪ್ಪತ್ತಾರು ವರ್ಷವಿತ್ತು ಅವನಿಗೆ. ಇರ್ಯಾಳ ಎದುರು ನಿಂತು ಕ್ಷಮಿಸಿ ಎಂದ. ನೋವಿಗೆ ಪ್ರಬಲ ಔಷಧಿ ಬರೆದುಕೊಟ್ಟು, ರೈಮೊನನ್ನು ಕರೆಯಲು ಹೋದ.

ಎಡಗೈಗೆ ಸೂಜಿ ಹಾಕಿದ್ದಾಯಿತು. ಮೆರ್ವಿ ಕತ್ತರಿ ತೆಗೆದುಕೊಂಡು ಬಲಗೈಯ ಕಟ್ಟಿನ ಕಡೆ ತಿರುಗಿದಾಗ ಇರ್ಯಾ, "ಕತ್ತರಿಸ್ಬೇಡಿ," ಎಂದಳು. "ವಾಪಸ್ ಕೊಡ್ಬೇಕು. ಎಣಿಸಿ ಕೊಟ್ಟಿದಾಳೆ."

ಊದಿಕೊಂಡ ಕೈಯ ಮೇಲಿಂದ ರಬ್ಬರ್ ಬ್ಯಾಂಡನ್ನು ಕತ್ತರಿಸದೆ ತೆಗೆಯುವುದು ಸುಲಭವಲ್ಲ. ಔಷಧಿ ಏರುವವರೆಗೆ ಕಾದು, ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಮೆರ್ವಿ ಒಂದೊಂದನ್ನೇ ಇಷ್ಟಿಷ್ಟೇ ಉರುಳಿಸಿದಳು. ಎರಡು ಗುಲಾಬಿ. ಒಂದು ಸ್ಟ್ರಾಬೆರಿ. ಬಾಗಿಲಲ್ಲಿ ಬಂದು ನಿಂತ ರೈಮೊ ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಇಬ್ಬರ ಮುಖ ನೋಡಿ, ಪ್ಲಾಸ್ಟರಿನ ಬಟ್ಟಲನ್ನು ಸದ್ದಿಲ್ಲದೆ ಇಟ್ಟ.

"ಕೈ ಮುಟ್ಟೋಕೆ ಮುಂಚೆ ಒಂದ್ ಫೋನ್ ಮಾಡ್ಬೇಕು," ಎಂದಳು ಇರ್ಯಾ. "ನಂಬರ್ ಚೀಲದಲ್ಲಿದೆ."

ಅವಳ ಒಂದು ಕೈ ಮುರಿದಿತ್ತು, ಇನ್ನೊಂದರಲ್ಲಿ ಸೂಜಿಯಿತ್ತು. ಮೆರ್ವಿಯೇ ಫೋನು ಹಚ್ಚಿ ಅವಳ ಕಿವಿಗೆ ಹಿಡಿದುಕೊಂಡು ನಿಂತಳು. ಆ ಕಡೆಯಿಂದ ಪಾವೊನ ಹೆಂಡತಿಯ ಗಾಬರಿ, ಆಮೇಲೆ ಅಂಗಳದ ಗಾಳಿಯ ಸದ್ದು, ಓಡಿಬರುವ ಹೆಜ್ಜೆ ಕೇಳಿಸಿದವು. ಬೇಡವೆಂದರೂ ಮೆರ್ವಿಗೆ ಎಲ್ಲವೂ ಕೇಳುತ್ತಿತ್ತು.

"ಹಿಲ್ಲಾ, ಅಜ್ಜಿ ಕಣೇ ಪುಟ್ಟಾ... ಹ್ಞೂಂ, ಇದೆ, ಮೂರೂ ಇದೆ... ಇಲ್ಲ, ಸೌಟೂ ಇದೆ. ಕೇಳು. ಬೆಳಿಗ್ಗೆ ನಾನು ಒಂದ್ ಮಾತು ಹೇಳ್ಕೊಟ್ಟಿದ್ದೆ ನೋಡು. ಅದನ್ನ ಹೇಳ್ಬೇಡ. ಯಾರಾದ್ರೂ ಬಂದು ಕೇಳಿದ್ರೆ ನೀನು ಏನು ನೋಡ್ದೆಯೋ ಅದನ್ನೇ ಹೇಳು. ಅಪ್ಪಂದೂ ಹೇಳು. ಅಪ್ಪ ಬಿಟ್ಟಿದ್ದೂ ಹೇಳು."

ಆ ಕಡೆ ಸದ್ದಿರಲಿಲ್ಲ. ಅಜ್ಜಿಯ ಮೊಮ್ಮಗಳೇ ಅವಳು. ಸುಮ್ಮನಿರುವುದು ಅವಳಿಗೂ ಬರುತ್ತಿತ್ತು. ಮೆರ್ವಿ ಉಸಿರು ಎಣಿಸಲಿಲ್ಲ. ತೋಳು ಸೋಲುತ್ತಿದ್ದರೂ ಫೋನನ್ನು ಅಲುಗಿಸದೆ ಹಿಡಿದಳು.

ಕೊನೆಗೆ ಸಣ್ಣ ದನಿಯೊಂದು ಕೇಳಿತು: ಹಾಗಾದ್ರೆ ಅಜ್ಜಿ, ನೀನು ಎಷ್ಟು ಕುಡಿದಿದ್ದೆ?

"ಒಂದೂ ಇಲ್ಲ ಮಗಳೇ," ಎಂದಳು ಇರ್ಯಾ. "ಒಂದೂ ಇಲ್ಲ."